ತುಳಿದದ್ದು ತಿಳಿವಲ್ದು

ಕಾರು ಎಳೆಯುತ್ತಿಲ್ಲ ಎಂದು ಗಿರಾಕಿ ಬಂದು ನಿಂತರೆ ಮೊದಲು ಬಾನೆಟ್ ಎತ್ತಬೇಡಿ. ಅವರನ್ನೇ ಸ್ಟೇರಿಂಗಿಗೆ ಕೂಡಿಸಿ, ನೀವು ಪಕ್ಕದಲ್ಲಿ ಕೂತು ಎರಡು ಮೈಲಿ ಹೋಗಿ ಬನ್ನಿ. ಗ್ಯಾರೇಜ್ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಕೊಡಲು ನನ್ನಲ್ಲಿರುವ ಸಲಹೆ ಇದೊಂದೇ. ಉಳಿದದ್ದನ್ನು ಈಗ ಸ್ಕ್ಯಾನರ್ ಹೇಳುತ್ತದೆ, ಕಂಪನಿಯ ಪುಸ್ತಕ ಹೇಳುತ್ತದೆ, ಫೋನಿನಲ್ಲಿ ವಿಡಿಯೊ ಸಿಗುತ್ತದೆ. ಈ ಒಂದು ಮಾತನ್ನು ನಾನು ಮೂವತ್ತು ವರ್ಷ ಕೆಲಸ ಮಾಡಿದ ಮೇಲೆ ಕಲಿತೆ. ನಾನು ಕಲಿಯುವಷ್ಟರಲ್ಲಿ ಟಿಕೋಟಾದ ಒಬ್ಬ ಮನುಷ್ಯನಿಗೆ ತಡವಾಗಿಹೋಗಿತ್ತು.

ವಿಜಯಪುರದ ಅಥಣಿ ರಸ್ತೆಯಲ್ಲಿದ್ದ ನನ್ನ ಗ್ಯಾರೇಜನ್ನು ಹೋದ ವರ್ಷ ಮುಚ್ಚಿದೆ. ಕಾರಿನ ಕೆಳಗೆ ಮಲಗಿದರೆ ಏಳಲು ಯಾರಾದರೂ ಕೈ ಕೊಡಬೇಕು ಎನ್ನುವ ಸ್ಥಿತಿ ಬಂದಿತ್ತು. ಶಟರ್ ಎಳೆದ ದಿನ ಮನೆಗೆ ತಂದದ್ದು ನಟ್ಟು ತಿರುಗಿಸುವ ಪಾನಾಗಳ ಒಂದು ಡಬ್ಬಿ ಮತ್ತು ಹನ್ನೊಂದು ನೋಟ್‌ಬುಕ್‌ಗಳು. ಈ ಬರಹಕ್ಕೆ ಆಧಾರ ಆ ನೋಟ್‌ಬುಕ್‌ಗಳು. ನೆನಪಿನಿಂದ ಬರೆದ ಕಡೆ ನೆನಪಿನಿಂದ ಎಂದೇ ಹೇಳುತ್ತೇನೆ.

ಕೆಲಸ ಕಲಿತದ್ದು ಹುಸೇನಸಾಬ ಉಸ್ತಾದರ ಕೈಯಲ್ಲಿ. ಗೋಳಗುಮ್ಮಟದ ಹತ್ತಿರ, ಪ್ರವಾಸಿಗರ ಬಸ್ಸುಗಳು ನಿಲ್ಲುವ ರಸ್ತೆಯ ಒಳಗಡೆ, ಅವರ ತಗಡಿನ ಗ್ಯಾರೇಜ್ ಇತ್ತು. ಗುಮ್ಮಟದೊಳಗೆ ಒಂದು ಸಲ ಕೂಗಿದರೆ ಹಲವು ಸಲ ಕೇಳಿಸುತ್ತದೆ ಎಂದು ಜನ ದೂರದಿಂದ ಬರುತ್ತಿದ್ದರು. ಉಸ್ತಾದರು ನಗುತ್ತಿದ್ದರು. "ನನ್ನ ಗಿರಾಕಿನೂ ಹಂಗ ಅದಾರ. ಒಮ್ಮೆ ಹೇಳಿದ್ದನ್ನ ಏಳು ಸಲ ಹೇಳ್ತಾರ. ಅದಕ ಟಿಕೆಟ್ ಇಲ್ಲ ನೋಡು."

ಅವರಿಗೆ ಗಿರಾಕಿಯ ಮಾತಿನ ಮೇಲೆ ನಂಬಿಕೆ ಇರಲಿಲ್ಲ, ಕೈಯ ಮೇಲೆ ಇತ್ತು. ಗಾಡಿಗೆ ಪಿಕಪ್ ಇಲ್ಲ ಎಂದು ಯಾರಾದರೂ ಬಂದರೆ ಅವರು ಬಾನೆಟ್ಟಿನ ಕಡೆ ಹೋಗುತ್ತಲೇ ಇರಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಹಾಕಿ ಒಂದೊಂದು ಗಾಲಿಯ ನಡುವಿಗೂ ಅಂಗೈ ಒಡ್ಡುತ್ತಿದ್ದರು. ಬಬಲೇಶ್ವರದಿಂದ ಬಂದ ಒಂದು ಕಾರಿನ ಮಾಲೀಕರು, ಬೇರೆ ಕಡೆ ಪ್ಲಗ್, ಫಿಲ್ಟರ್, ಪೆಟ್ರೋಲ್ ಪಂಪ್ ಎಲ್ಲ ಬದಲಿಸಿದರೂ ಗಾಡಿ ಏಳುತ್ತಿಲ್ಲ ಎಂದು ದೊಡ್ಡ ಪಟ್ಟಿ ಓದುತ್ತಿದ್ದರು. ಉಸ್ತಾದರು ಹಿಂದಿನ ಎಡಗಾಲಿಯ ಹತ್ತಿರ ಕೈ ಒಡ್ಡಿ ಥಟ್ಟನೆ ಹಿಂದೆಗೆದರು.

"ಏನಾತ್ರಿ ಉಸ್ತಾದ್?" ಎಂದು ಮಾಲೀಕರು ಕೇಳಿದರು.

"ಏನಾಗ್ತೈತಿ? ಇದರ ಮ್ಯಾಲ ರೊಟ್ಟಿ ಬೇಯಸಬಹುದು. ಹ್ಯಾಂಡ್ ಬ್ರೇಕ್ ಹಿಡದು ಕುಂತೈತಿ. ಬಬಲೇಶ್ವರದಿಂದ ಇಲ್ಲಿತನ ಎತ್ತಿನ ಬಾಲ ಹಿಡಕೊಂಡು ಹೊಡೀಲಿಕ್ಕತ್ತೀರಿ, ಎತ್ತು ಓಡವಲ್ದು ಅಂತೀರಿ."

ಬ್ರೇಕಿನ ಕೇಬಲ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಅರ್ಧ ಗಂಟೆಯ ಕೆಲಸ. ಪಿಕಪ್ ಎನ್ನುವ ದೂರು ಎಂಜಿನ್ನಿನದೇ ಆಗಬೇಕಿಲ್ಲ ಎಂಬುದನ್ನು ನಾನು ಕಲಿತದ್ದು ಹೀಗೆ. ಗಾಡಿ ನಿಧಾನವಾಗಲು ಎರಡೇ ದಾರಿ: ತಳ್ಳುವುದು ಕಡಿಮೆಯಾಗಿರಬೇಕು, ಇಲ್ಲವೇ ಹಿಡಿಯುವುದು ಹೆಚ್ಚಾಗಿರಬೇಕು. ಎಂಜಿನ್ ಜೋರಾಗಿ ಕೂಗಿಯೂ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಸವೆದಿದೆ. ಕೂಗುವುದಕ್ಕೇ ಆಗದೆ ಒದ್ದಾಡುತ್ತಿದ್ದರೆ ಗಾಳಿ ಅಥವಾ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಸೈಲೆನ್ಸರಿನ ಒಳಗೆ ಕಟ್ಟಿಕೊಂಡು ಹೊಗೆ ಹೊರಗೆ ಹೋಗುತ್ತಿಲ್ಲ. ಎಲ್ಲ ಸರಿಯಿದ್ದೂ ಭಾರವೆನಿಸಿದರೆ ಗಾಲಿ ಮುಟ್ಟಿ ನೋಡಬೇಕು. ಇಷ್ಟನ್ನು ಉಸ್ತಾದರು ಒಂದು ವಾರದಲ್ಲಿ ಹೇಳಿಕೊಟ್ಟರು. ಕೈಗೆ ಬರಲು ಹತ್ತು ವರ್ಷ ಬೇಕಾಯಿತು.

ಅವರದು ಇನ್ನೊಂದು ಕಟ್ಟಳೆ ಇತ್ತು. ಟ್ರಾಯಲ್‌ಗೆ ಹೋಗುವಾಗ ಮಾಲೀಕನನ್ನು ಗಾಡಿಯಲ್ಲಿ ಕೂಡಿಸಿಕೊಳ್ಳಬಾರದು.

"ಅವ ಬಾಜೂಕ ಕುಂತ್ರ ಮಾತಾಡ್ತಾನ. ಅವ ಮಾತಾಡಿದ್ರ ನಿನಗ ಎಂಜಿನ್ ಕೇಳಂಗಿಲ್ಲ. ಚಾ ಕುಡೀರಿ ಅಂತ ಕುಂದರ್ಸು, ಕಿಲ್ಲಿ ಇಸಗೊ, ಹೋಗು. ತಿಳೀತೇನಲೇ ಮಾದೇವ?"

ತಿಳಿಯಿತು. ಅಲ್ಲಿಂದ ಮೂವತ್ತು ವರ್ಷ ನಾನು ಮಾಲೀಕರನ್ನು ಬೆಂಚಿನ ಮೇಲೆ ಕೂಡಿಸಿ, ಚಹಾ ಹೇಳಿ, ಕೀಲಿಕೈ ಇಸಿದುಕೊಂಡು ಒಬ್ಬನೇ ಹೋದೆ. ಗಾಡಿಯ ಶಬ್ದವನ್ನು ಚೆನ್ನಾಗಿ ಕೇಳುತ್ತೇನೆ ಎಂಬ ಹೆಸರು ಬಂದದ್ದು ಈ ಕಟ್ಟಳೆಯಿಂದ. ನನ್ನ ದೊಡ್ಡ ತಪ್ಪು ಆದದ್ದೂ ಇದರಿಂದಲೇ.

ನೋಟ್‌ಬುಕ್ಕಿನ ಅಭ್ಯಾಸ ಹತ್ತಿದ್ದು ಬೇರೆ ಕಡೆಯಿಂದ. ಸ್ವಂತ ಗ್ಯಾರೇಜ್ ಹಾಕಿದ ಹೊಸದರಲ್ಲಿ ಊರಿನ ಒಂದು ಪತ್ರಿಕೆಯ ಜೀಪು ನನ್ನಲ್ಲಿಗೆ ಬರುತ್ತಿತ್ತು. ಅದರ ಸುದ್ದಿ ಸಂಪಾದಕರು ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ಜೀಪಿಗೆ ಹಿಂದಿನ ಸಲ ಏನು ಮಾಡಿದ್ದೆ ಎಂದು ಅವರು ಕೇಳಿದಾಗ ನನಗೆ ನೆನಪಾಗಲಿಲ್ಲ. ಮರುದಿನ ಒಂದು ನೋಟ್‌ಬುಕ್ ತಂದು ಪುಟಕ್ಕೆ ಮೂರು ಅಂಕಣ ಗೆರೆ ಹೊಡೆದುಕೊಟ್ಟರು. ಹೇಳಿದ್ದು, ಕಂಡದ್ದು, ಮಾಡಿದ್ದು.

"ಗಿರಾಕಿ ಅಂದದ್ದನ್ನ ಅವರ ಮಾತಿನ್ಯಾಗ ಬರಿ. ನೀ ತಿಳಕೊಂಡದ್ದನ್ನ ಅದರಾಗ ಬೆರಸಬ್ಯಾಡ. ನಮ್ಮ ಹುಡುಗರಿಗೆ ದಿನಾ ಹೇಳ್ತೇನಿ, ಅವರು ಕೇಳಂಗಿಲ್ಲ. ನೀನರ ಕೇಳು."

ಕೆಲವು ವರ್ಷ ಹಾಗೆಯೇ ಬರೆದೆ. ಮೊದಲ ನೋಟ್‌ಬುಕ್‌ಗಳನ್ನು ಈಗ ತೆರೆದರೆ ಜನರ ದನಿ ಕೇಳುತ್ತದೆ. "ಏರಿ ಬಂದ್ರ ಮುದುಕನಂಗ ನಿಂದರತೈತಿ." "ಥರ್ಡ್ ಹಾಕಿದ್ರ ಸಿಟ್ಟ ಮಾಡ್ತೈತಿ." "ಮೊದಲ ಹುಲಿ ಇತ್ತು, ಈಗ ಎಮ್ಮಿ ಆಗೇತಿ." ಆಮೇಲೆ ಕೆಲಸ ಹೆಚ್ಚಾಯಿತು, ಕೈ ಅವಸರಪಟ್ಟಿತು. ಹುಲಿ, ಎಮ್ಮೆ, ಮುದುಕ ಎಲ್ಲವೂ ಒಂದೇ ಶಬ್ದವಾದವು: ಪಿಕಪ್.

ಸ್ವಲ್ಪ ಪಕ್ಕಕ್ಕೆ ಸರಿದು ಒಂದು ತಪ್ಪನ್ನು ಇಲ್ಲಿ ಹೇಳಬೇಕು, ಏಕೆಂದರೆ ಅದು ನನಗೆ ಬಂದ ಮೊದಲ ಎಚ್ಚರಿಕೆ. ತೊರವಿಯ ಒಂದು ಮನೆಯವರು ಹೊಸದಾಗಿ ಕೊಂಡ ಕಾರು ಮೊದಲಿನಂತೆ ಓಡುತ್ತಿಲ್ಲ ಎಂದು ತಂದರು. ಸೀಟಿನ ಕೆಳಗೆ ಧೂಳು ಬಹಳ ಇತ್ತೆಂದು ನಾನು ಕಾಲಡಿಯ ಮ್ಯಾಟುಗಳನ್ನು ಹೊರಗೆ ಎಸೆದು ಕೆಲಸಕ್ಕೆ ಇಳಿದೆ. ಟ್ರಾಯಲ್‌ನಲ್ಲಿ ಗಾಡಿ ಚೆನ್ನಾಗಿ ಓಡಿತು. ಆದರೂ ಏರ್ ಫಿಲ್ಟರ್ ಬದಲಿಸಿದೆ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತೊಳೆದೆ, ಮ್ಯಾಟು ಹಾಸಿ ಕೊಟ್ಟೆ. ಮರುದಿನ ಅದೇ ದೂರು ಹಿಡಿದು ಬಂದರು. ಮತ್ತೆ ಮ್ಯಾಟು ತೆಗೆದೆ, ಮತ್ತೆ ಚೆನ್ನಾಗಿ ಓಡಿತು, ಮತ್ತೆ ಹಾಸಿ ಕೊಟ್ಟೆ. ಮೂರನೆಯ ದಿನ ಆ ಮನೆಯ ಯಜಮಾನಿ ತಾವೇ ಬಾಗಿಲು ತೆರೆದು ತೋರಿಸಿದರು. ಕಂಪನಿಯ ಮ್ಯಾಟಿನ ಮೇಲೆ ಅವರು ದಪ್ಪನೆಯ ಇನ್ನೊಂದು ಮ್ಯಾಟು ಹಾಸಿದ್ದರು. ಎಕ್ಸಿಲೇಟರ್ ಅರ್ಧಕ್ಕೆ ಹೋಗಿ ಅದಕ್ಕೆ ತಾಗಿ ನಿಲ್ಲುತ್ತಿತ್ತು.

"ಇದು ಅಡ್ಡ ಬರಾಕತ್ತೇತಿ ಅಂತ ಮೊನ್ನೆನ ಅಂದ್ನೆಲ್ರಿ. ನೀವು ಚಾ ಕುಡೀರಿ ಅಂದ್ರಿ."

ಅವರು ಅಂದಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ. ಆ ಪ್ರಸಂಗವನ್ನು ನಾನು ಬಹಳ ವರ್ಷ ನಗೆಯ ಕಥೆಯಾಗಿ ಹೇಳಿಕೊಂಡು ತಿರುಗಿದೆ. ನಾನು ಓಡಿಸುವಾಗ ಗಾಡಿ ಬೇರೆ, ಅವರು ಓಡಿಸುವಾಗ ಗಾಡಿ ಬೇರೆ ಎಂಬ ಪಾಠ ಅದರೊಳಗಿತ್ತು. ನಗುವುದರಲ್ಲಿ ಅದು ತಪ್ಪಿಹೋಯಿತು.

ಸಂಗಪ್ಪ ಸಾವ್ಕಾರರು ಟಿಕೋಟಾದವರು. ದ್ರಾಕ್ಷಿ ತೋಟಗಳಿಗೆ ಬೇಕಾಗುವ ಪೈಪು, ಡ್ರಿಪ್ ಸಾಮಾನಿನ ಅಂಗಡಿ ಅವರದು. ಬಬಲೇಶ್ವರದಲ್ಲಿ ಇನ್ನೊಂದು ಅಂಗಡಿ ಇತ್ತು. ವಾರಕ್ಕೆ ನಾಲ್ಕು ದಿನ ಎರಡರ ನಡುವೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಡ್ರೈವರ್ ಇಟ್ಟುಕೊಳ್ಳಿ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ನನ್ನ ಗಾಡಿ ನಾ ಹೊಡೀಲಿಕ್ಕಾಗದ ದಿನ ಬಂದ್ರ ಮನ್ಯಾಗ ಕುಂದರತೇನಿ. ಹಿಂದಿನ ಸೀಟಿನ್ಯಾಗ ಕುಂದ್ರಂಗಿಲ್ಲ." ಆಗ ಅವರಿಗೆ ಅರವತ್ತೆರಡೋ ಅರವತ್ಮೂರೋ. ಕಾರು ಹಳೆಯ ಪೆಟ್ರೋಲ್ ಗಾಡಿ. ಎಕ್ಸಿಲೇಟರ್ ತುಳಿದರೆ ಒಂದು ತಂತಿ ಎಂಜಿನ್ನಿನ ಬಾಯಿ ತೆರೆಯುವಂಥದ್ದು. ಆ ತಂತಿಗೆ ನಾವು ವಾಯರ್ ಎನ್ನುತ್ತೇವೆ. ಹೊಸ ಕಾರುಗಳಲ್ಲಿ ಈ ವಾಯರ್ ಇಲ್ಲ. ಪೆಡಲ್ ಎಷ್ಟು ಒತ್ತಿದೆ ಎಂಬುದನ್ನು ಒಂದು ಸೆನ್ಸರ್ ಲೆಕ್ಕ ಹಾಕುತ್ತದೆ, ಸ್ಕ್ಯಾನರ್ ಹಚ್ಚಿದರೆ ಪರದೆಯ ಮೇಲೆ ಅಂಕಿ ಕಾಣುತ್ತದೆ. ಅವರ ಗಾಡಿ ಅಂಥದ್ದಾಗಿದ್ದರೆ, ಅದನ್ನು ಅವರೇ ಓಡಿಸುವಾಗ ನಾನು ಪರದೆ ನೋಡಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ. ಹಾಗೆ ಅನ್ನುವುದು ನೆಪ. ನೋಡಲು ಸ್ಕ್ಯಾನರ್ ಬೇಕಿರಲಿಲ್ಲ.

ಗ್ಯಾರೇಜ್ ಮುಚ್ಚುವುದಕ್ಕೆ ನಾಲ್ಕು ವರ್ಷ ಮೊದಲು, ಚಳಿಗಾಲದಲ್ಲಿ, ಅವರು ಮೊದಲ ಸಲ ಈ ದೂರು ತಂದರು. ಅಂದು ಗ್ಯಾರೇಜಿನಲ್ಲಿ ಬೇರೆ ಗಾಡಿ ಇರಲಿಲ್ಲ. ಅದಕ್ಕೇ ಇರಬೇಕು, ಪೂರ್ತಿ ಮಾತನ್ನು ಬರೆದುಕೊಂಡಿದ್ದೇನೆ.

ಹೇಳಿದ್ದು: "ತುಳಿದದ್ದು ತಿಳಿವಲ್ದು."

ನಮ್ಮ ಕಡೆಯ ಮಾತು ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ತಿಳಿವಲ್ದು ಎಂದರೆ ತಿಳಿಯುತ್ತಿಲ್ಲ. ಯಾರಿಗೆ ಎಂಬುದನ್ನು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಗ್ಯಾರೇಜಿಗೆ ಬಂದ ಮನುಷ್ಯ ಗಾಡಿಯ ಮಾತನ್ನೇ ಆಡುತ್ತಾನೆ ಎಂದುಕೊಂಡೆ. ತುಳಿದದ್ದು ಗಾಡಿಗೆ ತಿಳಿಯುತ್ತಿಲ್ಲ, ಅಂದರೆ ಪಿಕಪ್ ಇಲ್ಲ.

ಚಹಾ ಹೇಳಿ, ಕಿಲ್ಲಿ ಇಸಿದುಕೊಂಡು ತೊರವಿಯವರೆಗೆ ಹೋಗಿ ಬಂದೆ. ಸಣ್ಣ ಏರಿನಲ್ಲೂ ಗಾಡಿ ಸಲೀಸಾಗಿ ಹತ್ತಿತು. ಗಾಲಿಗಳು ತಣ್ಣಗಿದ್ದವು. ಫಿಲ್ಟರ್ ಸ್ವಲ್ಪ ಕೊಳೆಯಾಗಿತ್ತು, ಬದಲಿಸಿದೆ. ಪ್ಲಗ್ ಒರೆಸಿ ಹಾಕಿದೆ.

ಎರಡನೆಯ ಸಲ ಬಂದದ್ದು ಏಪ್ರಿಲ್ ಬಿಸಿಲಿನಲ್ಲಿ. ಜೊತೆಗೆ ಅವರ ಮನೆಯವರು ಕಾಶೀಬಾಯಿ ಅಕ್ಕಾರು ಇದ್ದರು. ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಹೀಗಿದೆ. ಹೇಳಿದ್ದು: ಪಿಕಪ್, ಅದೇ. ಕಂಡದ್ದು: ಏನೂ ಇಲ್ಲ. ಮಾಡಿದ್ದು: ಪೆಟ್ರೋಲ್ ಫಿಲ್ಟರ್ ಬದಲು, ಥ್ರಾಟಲ್ ತೊಳೆದದ್ದು.

ಕಂಡದ್ದು ಏನೂ ಇಲ್ಲ ಎಂದು ಬರೆದದ್ದು ಸುಳ್ಳು. ಅಂದು ಕಂಡದ್ದನ್ನು ಈಗ ನೆನಪಿನಿಂದ ಬರೆಯುತ್ತೇನೆ. ನಾನು ಟ್ರಾಯಲ್ ಮುಗಿಸಿ ಬಂದ ಮೇಲೆ ಸಾವ್ಕಾರರು ಬೆಂಚಿನಿಂದ ಎದ್ದು ಅಂಗಳದಲ್ಲಿ ನಿಂತಿದ್ದ ಕಾರಿನ ಕಡೆ ನಡೆದರು. ಬಿಸಿಲಿನಲ್ಲಿ ಬಿಟ್ಟ ಪಾನಾವನ್ನು ಬರಿಗೈಯಲ್ಲಿ ಹಿಡಿಯಲಾಗದ ಹೊತ್ತು. ಬಲಗಾಲಿನ ಚಪ್ಪಲಿ ಬೆಂಚಿನ ಹತ್ತಿರವೇ ಉಳಿದಿತ್ತು. ಕಾದ ಕಾಂಕ್ರೀಟಿನ ಮೇಲೆ ಬರಿಗಾಲಿನಲ್ಲಿ ಹತ್ತು ಹೆಜ್ಜೆ ನಡೆದರು. ಕಾಲು ಎತ್ತಿ ಎತ್ತಿ ಇಡಲಿಲ್ಲ, ಅವಸರಪಡಲಿಲ್ಲ. ಅಂಗಡಿಯೊಳಗೆ ನಡೆದಂತೆ ನಡೆದರು.

"ಸಾವ್ಕಾರ್ರ, ಒಂದು ಚಪ್ಪಲಿ ನಮಗ ಬಿಟ್ಟು ಹೊಂಟೀರಲ್ರಿ," ಎಂದು ನಾನು ನಕ್ಕೆ.

ಅವರು ಬಗ್ಗಿ ನೋಡಿಕೊಂಡರು. "ಏ ಇದರ! ಇದೆಲ್ಲಿ ಉಳೀತೋ? ವಯಸ್ಸಾತು ನೋಡು ಮಾದೇವ, ಚಪ್ಪಲಿ ಸೈತ ಮಾತು ಕೇಳವಲ್ದು."

ಮೊದಲೇ ಹೋಗಿ ಕಾರಿನೊಳಗೆ ಕೂತಿದ್ದ ಅಕ್ಕಾರು ದನಿಗೂಡಿಸಿದರು. "ಮನ್ಯಾಗೂ ಹಿಂಗ ಐತೆಪಾ ತಮ್ಮಾ. ಮೊನ್ನೆ ಒಂದ ಕಾಲಾಗ ಚಪ್ಪಲಿ ಹಾಕ್ಕೊಂಡು ದೇವರ ಜಗಲಿಗೆ ಕೈ ಮುಗಿಯಾಕ ನಿಂತಾರ. ದೇವರ ಏನ ತಿಳಕೊಂಡಾನೋ ಏನೋ."

"ದೇವರಿಗೆ ಅರ್ಧ ಭಕ್ತಿ ಸಾಕು ತಗಿ," ಎಂದು ಸಾವ್ಕಾರರು ಅಂದರು. ಮೂವರೂ ನಕ್ಕೆವು. ನಾನೇ ಚಪ್ಪಲಿ ತಂದು ಕಾಲ ಬಳಿ ಇಟ್ಟೆ. ಆಗಲೂ ಅವರು ಕಾಲನ್ನು ಅದರೊಳಗೆ ತೂರಿಸಲು ಕಣ್ಣಿನಿಂದ ನೋಡುತ್ತಲೇ ಇರಬೇಕಾಯಿತು. ಇದೂ ನನಗೆ ಕಂಡಿತು. ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ, ಏಕೆಂದರೆ ನನ್ನ ಲೆಕ್ಕದಲ್ಲಿ ಕಂಡದ್ದು ಎಂಬ ಅಂಕಣ ಗಾಡಿಗೆ ಮೀಸಲಾಗಿತ್ತು.

ಮೂರನೆಯ ಸಲ ಜೂನ್‌ನಲ್ಲಿ ಬಂದರು. ಈ ಸಲ ದನಿ ಬಿಸಿಯಾಗಿತ್ತು.

"ಏನ್ ಮಾಡಾಕತ್ತಿಯೋ ಮಾದೇವ? ಎರಡು ಸಲ ಮಾಡಿ ಕೊಟ್ಟಿ. ಟಿಕೋಟಾ ಮುಟ್ಟೂದ್ರಾಗ ಮತ್ತ ಅದ ಹಾಡು. ಟಂಟಂ ರಿಕ್ಷಾ ಸೈತ ನನ್ನ ಹಿಂದ ಹಾಕಿ ಹೋಗ್ತಾವು. ನಿನಗ ಆಗಲಿಲ್ಲಂದ್ರ ಆಗಂಗಿಲ್ಲ ಅನ್ನು, ಹುಬ್ಬಳ್ಳಿಗೆ ಒಯ್ತೇನಿ."

ನನ್ನ ಹೆಸರಿಗೆ ಪೆಟ್ಟು ಬಿದ್ದಂತಾಯಿತು. ಮತ್ತೆ ಒಬ್ಬನೇ ತೊರವಿಯವರೆಗೆ ಹೋಗಿ ಬಂದೆ. ಗಾಡಿಯಲ್ಲಿ ದೋಷ ಇರಲಿಲ್ಲ. ಆಗ ನಾನು ಮಾಡಬೇಕಾಗಿದ್ದದ್ದು, ದೋಷ ಸಿಗಲಿಲ್ಲ ಎಂದು ಹೇಳುವುದು. ಅಥವಾ, ಸಾವ್ಕಾರ್ರ ನೀವೇ ಓಡಿಸಿ ತೋರಿಸ್ರಿ ಎನ್ನುವುದು. ಎರಡೂ ನನ್ನ ಬಾಯಿಂದ ಬರಲಿಲ್ಲ. ಮೂವತ್ತು ವರ್ಷದ ಮಿಸ್ತ್ರಿ ಗಿರಾಕಿಯ ಪಕ್ಕದಲ್ಲಿ ಕೂತು ಕಲಿಯುವುದೇನಿದೆ ಎಂಬ ಭಾವನೆ ಇತ್ತು. ಅದನ್ನು ಅಹಂಕಾರ ಎಂದು ಬರೆಯುವುದೇ ಸರಿ.

ಬದಲಿಗೆ ಒಂದು ಜಾಣತನ ಮಾಡಿದೆ. ಎಕ್ಸಿಲೇಟರ್ ವಾಯರಿನಲ್ಲಿ ಸ್ವಲ್ಪ ಸಡಿಲು ಬಿಟ್ಟಿರುತ್ತಾರೆ. ನಟ್ಟು ತಿರುಗಿಸಿ ಅದನ್ನು ಪೂರ್ತಿ ಎಳೆದೆ. ಪೆಡಲನ್ನು ಹಿಂದಕ್ಕೆ ತರುವ ಸ್ಪ್ರಿಂಗ್ ಬಿಗಿಯಾದದ್ದಿತ್ತು, ಅದನ್ನು ತೆಗೆದು ಮೆತ್ತನೆಯದನ್ನು ಹಾಕಿದೆ. ಐಡಲ್, ಅಂದರೆ ಪೆಡಲ್ ಮುಟ್ಟದಾಗಲೂ ಎಂಜಿನ್ ತಿರುಗುವ ವೇಗವನ್ನು, ಒಂದಿಷ್ಟು ಏರಿಸಿದೆ. ಈಗ ಕಾಲು ಸುಮ್ಮನೆ ಇಟ್ಟರೂ ಗಾಡಿ ಮುಂದಕ್ಕೆ ಹಾರುತ್ತಿತ್ತು. ಹೀಗೆ ಮಾಡುವುದು ಸುರಕ್ಷಿತವಲ್ಲ. ಅದು ನನಗೆ ಅಂದೂ ಗೊತ್ತಿತ್ತು.

ಸಾವ್ಕಾರರು ಅಥಣಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. ಬಾಗಿಲು ತೆರೆಯುವ ಮೊದಲೇ ನಗು ಕಾಣಿಸಿತು.

"ಈಗ ತಿಳೀತೈತಿ ನೋಡು! ಮಗನ, ಇದನ್ನ ಮೊದಲ ಮಾಡಾಕ ಏನ ಧಾಡಿ ಆಗಿತ್ತು ನಿನಗ?"

"ಕೈಗೆ ಬರಬೇಕಲ್ರಿ."

"ಚಪ್ಪಲಿ ಮಾತ್ರ ಪೆಡಲ್ ಮ್ಯಾಲಿಂದ ಜಾರತೈತಿ."

"ಬೂಟ್ ಹಾಕ್ಕೊಳ್ರಿ ಸಾವ್ಕಾರ್ರ. ಮದಿಮಗನಂಗ ಕಾಣ್ತೀರಿ."

ಇದು ನಾನು ಅವರಿಗೆ ಕೊಟ್ಟ ಸಲಹೆ. ಅವರು ಅದನ್ನು ಪಾಲಿಸಿದರು.

ಆ ದುರಸ್ತಿಯ ಬಗ್ಗೆ ನನಗೆ ಹೆಮ್ಮೆ ಇತ್ತು. ಬೇರೆ ಗ್ಯಾರೇಜಿನವರಿಗೆ ಹೇಳಿಕೊಂಡೆ. ಎಂಜಿನ್ನಿನಲ್ಲಿ ಏನೂ ಇಲ್ಲದಿದ್ದರೆ ಪೆಡಲ್ ಹಗುರ ಮಾಡಿ ಕೊಡಿ, ಗಿರಾಕಿ ಖುಷಿಯಾಗಿ ಹೋಗುತ್ತಾನೆ ಎಂದೆ. ಯಾರಾದರೂ ಅದನ್ನು ಕಲಿತು ಇಂದಿಗೂ ಮಾಡುತ್ತಿದ್ದರೆ, ಬಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಮುಂದಿನ ಎಂಟು ತಿಂಗಳು ಸಾವ್ಕಾರರು ಬರಲಿಲ್ಲ. ಗಾಡಿ ಚೆನ್ನಾಗಿದೆ ಎಂದುಕೊಂಡೆ. ನಂತರ ಒಂದು ಬೆಳಿಗ್ಗೆ ಅವರ ಮಗಳು ಗೀತಾ ಫೋನ್ ಮಾಡಿದಳು. ಟಿಕೋಟಾದಲ್ಲೇ ಶಿಕ್ಷಕಿ, ತಂದೆಯ ಗಾಡಿಯಲ್ಲಿ ಎಷ್ಟೋ ಸಲ ನನ್ನ ಗ್ಯಾರೇಜಿಗೆ ಬಂದಿದ್ದವಳು.

"ಮಾದೇವ ಕಾಕಾ, ಅಪ್ಪಾರ ಗಾಡಿ ಈಗ ನಾ ಹೊಡ್ಯಾಕತ್ತೇನ್ರಿ. ಕಾಲ್ ಇಟ್ಟಕೂಡ್ಲೇ ಜಿಗೀತೈತ್ರಿ. ಮೊನ್ನೆ ಮನಿ ಗೇಟಿಗೆ ಹಾಯ್ತು. ಒಮ್ಮೆ ಬಂದು ನೋಡ್ತೀರೇನ್ರಿ?"

"ನೀ ಯಾಕ ಹೊಡ್ಯಾಕತ್ತಿ? ಸಾವ್ಕಾರ್ರು ಸ್ಟೇರಿಂಗ್ ಬಿಟ್ಟು ಕೊಟ್ರ?"

"ನಿಮಗ ಗೊತ್ತಾಗಿಲ್ಲೇನ್ರಿ? ಅಪ್ಪಾರ ಬಲಗಾಲು ತಗದಾರ್ರಿ. ಮೊಣಕಾಲ ಕೆಳಗ."

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ಗೀತಾ ಮತ್ತು ಕಾಶೀಬಾಯಿ ಅಕ್ಕಾರು ಹೇಳಿದ್ದು. ಸಾವ್ಕಾರರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಗುಳಿಗೆಯನ್ನು ನೆನಪಾದಾಗ ತೆಗೆದುಕೊಳ್ಳುತ್ತಿದ್ದರು. ಪಾದಗಳಲ್ಲಿ ಸ್ಪರ್ಶ ಹೋಗುತ್ತಾ ಬಂದಿತ್ತು, ಬಲಗಾಲಿನಲ್ಲಿ ಹೆಚ್ಚು. ಒಂದು ದಿನ ಬಬಲೇಶ್ವರದ ಅಂಗಡಿಗೆ ಹೋಗುವಾಗ ಬೂಟಿನೊಳಗೆ ಒಂದು ಖಡಿಕಲ್ಲಿನ ಚೂರು ಸೇರಿಕೊಂಡಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರ ಮೇಲೆ ನಡೆದಿದ್ದಾರೆ. ಮನೆಗೆ ಬಂದು ಬೂಟು ಬಿಚ್ಚಿದಾಗ ಕಾಲುಚೀಲ ಅಂಟಿಕೊಂಡಿತ್ತು. ನೋವಿಲ್ಲವಲ್ಲ ಎಂದು ಅರಿಶಿನ ಹಚ್ಚಿ ಮತ್ತೆ ಕೆಲವು ದಿನ ಓಡಾಡಿದ್ದಾರೆ. ವಿಜಯಪುರದ ದವಾಖಾನೆಗೆ ತರುವಷ್ಟರಲ್ಲಿ ಹುಣ್ಣು ಎಲುಬಿಗೆ ಇಳಿದಿತ್ತು.

ಕಾಲಿನಲ್ಲಿ ಸ್ಪರ್ಶ ಯಾವಾಗಿನಿಂದ ಇಲ್ಲ ಎಂದು ಡಾಕ್ಟರು ಕೇಳಿದರಂತೆ. ಅಕ್ಕಾರು ಇಷ್ಟು ಹೇಳಿದರು: "ಗಾಡಿ ಕೆಟ್ಟೈತಿ ಅಂತಿದ್ರಲ್ಲ ತಮ್ಮಾ, ಆವಾಗಿಂದ ಅಂತ ನಾ ಅಂದೆ."

ಮೊದಲೇ ಗೊತ್ತಾಗಿದ್ದರೆ ಕಾಲು ಉಳಿಯುತ್ತಿತ್ತೇ? ಗೊತ್ತಿಲ್ಲ. ನಾನು ಡಾಕ್ಟರನಲ್ಲ, ಅವರ ಡಾಕ್ಟರನ್ನು ಕೇಳುವ ಧೈರ್ಯವನ್ನೂ ಮಾಡಲಿಲ್ಲ. ಗೊತ್ತಿರುವುದನ್ನು ಮಾತ್ರ ಬರೆಯುತ್ತೇನೆ. ಕಾಲಿಗೆ ಸ್ಪರ್ಶವಿಲ್ಲದ ಮನುಷ್ಯ ತಾನು ಪೂರ್ತಿ ತುಳಿದಿದ್ದೇನೆ ಎಂದುಕೊಂಡು ಅರ್ಧ ತುಳಿಯುತ್ತಿದ್ದ. ಗಾಡಿ ನಿಧಾನವಾಗಿ ಹೋಗಿ ಅವನಿಗೆ ಅದನ್ನು ಹೇಳುತ್ತಿತ್ತು. ಆ ಕಾಲಿನ ಬಗ್ಗೆ ಅವನನ್ನು ಎಚ್ಚರಿಸುತ್ತಿದ್ದದ್ದು ಅದೊಂದೇ. ನಾನು ವಾಯರ್ ಎಳೆದು, ಸ್ಪ್ರಿಂಗ್ ಬದಲಿಸಿ ಅದರ ಬಾಯಿ ಮುಚ್ಚಿಸಿದೆ. ಅವನ ಪಕ್ಕದಲ್ಲಿ ಒಂದೇ ಒಂದು ಸಲ ಕೂತು ಕೆಳಗೆ ನೋಡಿದ್ದರೆ, ಕಾಲು ಎಷ್ಟು ಇಳಿದಿದೆ ಎಂದು ಕಾಣುತ್ತಿತ್ತು.

ಫೋನ್ ಬಂದ ಮರುದಿನ ಟಿಕೋಟಾಕ್ಕೆ ಹೋದೆ. ಹಳೆಯ ಬಿಗಿ ಸ್ಪ್ರಿಂಗನ್ನು ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದೆ, ಅದನ್ನು ಜೇಬಿನಲ್ಲಿ ಹಾಕಿಕೊಂಡಿದ್ದೆ. ಸಾವ್ಕಾರರು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಧೋತರದ ಅಂಚು ಬಲಗಡೆ ಮಡಚಿತ್ತು. ಎದುರಿನ ಅಂಗಳದಲ್ಲಿ ಕಾರು ನಿಂತಿತ್ತು.

"ಬಾ ಮಾದೇವ. ನಿನ್ನ ಗಾಡಿ ನನ್ನ ಮಗಳ ಮಾತು ಕೇಳವಲ್ದು. ನನ್ನ ಮಾತು ಅಷ್ಟ ಕೇಳೂವಂಗ ಮಾಡಿ ಕೊಟ್ಟೀಯೇನು?"

ಅವರು ತಮಾಷೆಗೆ ಅಂದರು. ಹಾಗೆಯೇ ಮಾಡಿಕೊಟ್ಟಿದ್ದೆ. ಬಾನೆಟ್ ಎತ್ತುವ ಮೊದಲು ಗೀತಾಳನ್ನು ಸ್ಟೇರಿಂಗಿಗೆ ಕೂಡಿಸಿ ನಾನು ಪಕ್ಕದಲ್ಲಿ ಕೂತೆ. ಕೆಲಸದ ಬದುಕಿನಲ್ಲಿ ಹಾಗೆ ಕೂತದ್ದು ಅದೇ ಮೊದಲು. ಅವಳ ಕಾಲು ಪೆಡಲನ್ನು ಮುಟ್ಟಿದ್ದೇ ತಡ, ಗಾಡಿ ಮುಂದಕ್ಕೆ ಹಾರಿತು. ಅವಳ ಕಾಲಿಗೆ ತಿಳಿವಳಿಕೆ ಇತ್ತು, ಗಾಬರಿಯಿಂದ ತಟ್ಟನೆ ಹಿಂದೆ ಸರಿಯಿತು. ಇದನ್ನು ನೋಡಿದ ಮೇಲೆ ನನಗೆ ಬೇರೆ ಪುರಾವೆ ಬೇಕಿರಲಿಲ್ಲ.

ವಾಯರಿನ ನಟ್ಟು ಎರಡು ಸುತ್ತು ಸಡಿಲಿಸಿದೆ. ಬಿಗಿ ಸ್ಪ್ರಿಂಗ್ ಹಾಕಿದೆ. ಐಡಲ್ ಇಳಿಸಿದೆ. ಗೀತಾ ಊರ ಹೊರಗಿನವರೆಗೆ ಹೋಗಿ ಬಂದು ಈಗ ಸರಿಯಾಯಿತು ಎಂದಳು. ನಾನು ಕೈ ಒರೆಸಿಕೊಂಡು ಪಡಸಾಲೆಗೆ ಬಂದೆ.

"ಏನಾಗಿತ್ತೋ?" ಎಂದು ಸಾವ್ಕಾರರು ಕೇಳಿದರು.

"ಏನೂ ಆಗಿರಲಿಲ್ರಿ. ಅವಾಗೂ ಏನೂ ಆಗಿರಲಿಲ್ರಿ ಗಾಡಿಗೆ. ಮೂರು ಸಲ ನೋಡಿದೆ, ಮೂರೂ ಸಲ ಚಲೋ ಇತ್ತು. ನಿಮಗ ಹೇಳಲಿಲ್ಲ. ಪೆಡಲ್ ಹಗರ ಮಾಡಿ ಕೊಟ್ಟೆ, ಅಷ್ಟ."

ಅಕ್ಕಾರು ಒಳಗಿನಿಂದ ಚಹಾ ತಂದವರು ಅಲ್ಲೇ ನಿಂತರು. ಸಾವ್ಕಾರರು ಅಂಗಳದಲ್ಲಿದ್ದ ಗಾಡಿಯ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ದವಾಖಾನ್ಯಾಗ ಮಲಕೊಂಡಾಗ ಇದನ್ನ ವಿಚಾರ ಮಾಡೇನಿ. ತುಳಿದದ್ದು ತಿಳಿವಲ್ದು ಅಂತ ನಿನ್ನ ಮುಂದ ಬಂದು ಅಂದ್ನೆಲ್ಲ. ಗಾಡಿದ ಹೇಳಿದ್ನೋ, ಕಾಲಿಂದ ಹೇಳಿದ್ನೋ, ನನಗ ಈಗೂ ತಿಳಿವಲ್ದು ನೋಡು ಮಾದೇವ."

ಚಹಾ ಕುಡಿದು ಎದ್ದೆ. ಸಾವ್ಕಾರರನ್ನು ಡ್ರೆಸ್ಸಿಂಗ್‌ಗೆ ವಿಜಯಪುರಕ್ಕೆ ಕರೆದೊಯ್ಯುವ ಹೊತ್ತಾಗಿತ್ತು. ಗೀತಾ ಮತ್ತು ನಾನು ಎರಡೂ ಕಡೆ ಹಿಡಿದು ಅವರನ್ನು ಕಾರಿನವರೆಗೆ ನಡೆಸಿದೆವು. ಅವರು ಮುಂದಿನ ಬಾಗಿಲನ್ನು ದಾಟಿ ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತರು. ಕಾಲು ಚಾಚಿಕೊಳ್ಳಲು ಅಲ್ಲೇ ಜಾಗ ಇತ್ತು. ಗೀತಾ ಬಾಗಿಲು ತೆರೆದಳು.

ಅದಾದ ಮೇಲೆ ಗ್ಯಾರೇಜ್ ಮುಚ್ಚುವವರೆಗೆ ನಾನು ಒಬ್ಬನೇ ಟ್ರಾಯಲ್‌ಗೆ ಹೋಗಲಿಲ್ಲ. ಗಿರಾಕಿಗಳು ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಅವರು ದಾರಿಯುದ್ದಕ್ಕೂ ಮಾತಾಡಿದರು. ಉಸ್ತಾದರು ಹೇಳಿದಂತೆಯೇ ಆಯಿತು, ಎಂಜಿನ್ ಸರಿಯಾಗಿ ಕೇಳಿಸಲಿಲ್ಲ. ಒಬ್ಬರು ಕ್ಲಚ್ಚಿನ ಮೇಲೆ ಎಡಗಾಲು ಊರಿಕೊಂಡೇ ಓಡಿಸುತ್ತಿದ್ದದ್ದು ಕಂಡಿತು. ಇನ್ನೊಬ್ಬರ ಸೀಟು ತೀರ ಹಿಂದಿದ್ದದ್ದು ಕಂಡಿತು. ಚಪ್ಪಲಿ ಬಿಟ್ಟು ನಡೆದವರು ಮತ್ತೆ ಯಾರೂ ಸಿಗಲಿಲ್ಲ.

ಟಿಕೋಟಾದಿಂದ ಬಂದ ಸಂಜೆ ನೋಟ್‌ಬುಕ್ ತೆರೆದು ಆ ದಿನದ ಸಾಲು ಬರೆದೆ. ಬರೆಯುವ ಮೊದಲು ಎರಡನೆಯ ಸಲದ ಪುಟಕ್ಕೆ ಹೋಗಿ, ಕಂಡದ್ದು: ಏನೂ ಇಲ್ಲ ಎಂಬುದನ್ನು ಹೊಡೆದುಹಾಕಬೇಕೆಂದು ಪೆನ್ನು ಹಿಡಿದೆ. ಹೊಡೆದುಹಾಕಲಿಲ್ಲ. ದಾಖಲೆಯನ್ನು ಆಮೇಲೆ ತಿದ್ದಬಾರದು ಎಂದು ಗೆರೆ ಹೊಡೆದುಕೊಟ್ಟ ಸಂಪಾದಕರು ಹೇಳಿದ್ದರು. ಅದು ಹಾಗೆಯೇ ಇದೆ. ಟಿಕೋಟಾದಿಂದ ಬಂದು ಬರೆದ ಸಾಲು ಹೀಗಿದೆ.

ಹೇಳಿದ್ದು: "ನನಗ ಈಗೂ ತಿಳಿವಲ್ದು." ಕಂಡದ್ದು: ಸಾವ್ಕಾರರು ಹಿಂದಿನ ಸೀಟಿನಲ್ಲಿ ಕೂತರು. ಮಾಡಿದ್ದು: ವಾಯರ್ ಎರಡು ಸುತ್ತು ಸಡಿಲು, ಹಳೆಯ ಸ್ಪ್ರಿಂಗ್ ವಾಪಸ್.